ನೆರಳಿನ ಪಟ್ಟಿಯಲ್ಲಿ ದಾಸವಾಳ ಕಿತ್ತು ಬೇರೆ ಗಿಡ ಕೂರಿಸಿದ ಬಗೆ

ಬೆಂಗಳೂರಿನ ನಮ್ಮ ಮನೆಗೂ ಉತ್ತರದ ಕಾಂಪೌಂಡಿಗೂ ನಡುವೆ ಐದಡಿ ಅಗಲದ ಜಾಗ. ಅರ್ಧಕ್ಕೆ ಗೋಡೆಯ ನೆರಳು, ಇನ್ನರ್ಧಕ್ಕೆ ಮಾವಿನ ಮರದ್ದು. ಅಲ್ಲಿದ್ದ ದಾಸವಾಳ, ಕೇಪಳ, ಕ್ರೋಟನ್ ತೆಗೆದು ನೆರಳಿಗೆ ಒಗ್ಗುವ ಗಿಡ ಹಾಕಿದ್ದೇನೆ.

ಬಿಸಿಲಿನ ಗಿಡ ನೆರಳಿನಲ್ಲಿ ಒಮ್ಮೆಲೇ ಸಾಯುವುದಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಬುಡ ಬೋಳಾಗಿ ತುದಿಯಲ್ಲಷ್ಟೇ ಎಲೆ ಉಳಿಯುತ್ತದೆ, ಮೊಗ್ಗು ಕಟ್ಟುವುದಿಲ್ಲ, ಕ್ರೋಟನ್ನಿನ ಬಣ್ಣ ಹೋಗಿ ಬರೀ ಹಸಿರಾಗುತ್ತದೆ. ಇದಕ್ಕೆ ಗೊಬ್ಬರ ಸುರಿಯುವವರೇ ಜಾಸ್ತಿ. ಯೂರಿಯಾ ಹಾಕಿದಷ್ಟೂ ಗಿಡ ಸಣಕಲಾಗಿ ಉದ್ದಕ್ಕೆ ಹೋಗುತ್ತದೆ, ಆ ಎಳೆ ಚಿಗುರಿಗೆ ರಸ ಹೀರುವ ಬಿಳಿ ಹಿಟ್ಟು ತಿಗಣೆ ಮುತ್ತುತ್ತದೆ. ನಾನು ಮುಂಗಾರಿನ ಶುರುವಿನಲ್ಲಿ ಒಂದೂವರೆ ಅಡಿ ಬಿಟ್ಟು ಸವರುತ್ತೇನೆ. ಒಂದೂವರೆ ತಿಂಗಳಾದರೂ ಬುಡದಿಂದ ಗಟ್ಟಿ ಚಿಗುರು ಬರದಿದ್ದರೆ ಕೀಳುವುದೇ.

ಹೊಸ ಗಿಡ ಆರಿಸುವ ಮೊದಲು ನೆರಳಿನ ಲೆಕ್ಕ ಹಾಕಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದಲ್ಲೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ಬಿಸಿಲೇ ಕಾಣದ ಉತ್ತರದ ಜಾಗಕ್ಕೆ ಮೇ ತಿಂಗಳಲ್ಲಿ ನೇರ ಬಿಸಿಲು ಬೀಳುವುದು ಇದರಿಂದಲೇ. ಚಳಿಗಾಲದಲ್ಲಿ ನೋಡಿಕೊಂಡು, ನೇರ ಬಿಸಿಲು ತಾಳದ ಎಲೆಗಿಡ ಅಗ್ಲೋನಿಮಾ ನೆಟ್ಟರೆ ಬೇಸಿಗೆಯಲ್ಲಿ ಎಲೆಯ ನಡುವೆ ಬಿಳಿಚಿಕೊಂಡ ಸುಟ್ಟ ಮಚ್ಚೆ ಬೀಳುತ್ತದೆ. ಅದನ್ನು ಮರದಡಿಗೆ ಸರಿಸಿ, ಗೋಡೆಯ ಪಕ್ಕ ಸ್ವಲ್ಪ ಬಿಸಿಲು ತಾಳುವ ಡ್ರಸೀನಾ, ಶೆಫ್ಲೆರಾ ಹಾಕುವುದು ವಾಸಿ.

ಕೀಳುವಾಗ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಬೇಡಿ. ಸವರಿ ಬಿಟ್ಟ ಕಾಂಡ ಹಾಗೇ ಉಳಿಸಿದರೆ ಹಿಡಿದು ಅಲ್ಲಾಡಿಸಲು ಸಿಗುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಅಗೆದು ಅಡ್ಡ ಬೇರುಗಳನ್ನು ಕತ್ತರಿಸಿ, ಕಾಂಡವನ್ನು ಹಿಂದೆ ಮುಂದೆ ಎಳೆದರೆ ಎಲ್ಲಿ ಬಿಗಿಹಿಡಿದಿದೆ ಗೊತ್ತಾಗುತ್ತದೆ. ಅಲ್ಲಿಗೆ ಹಾರೆ ಹಾಕಿ. ಮಾವಿನ ಬೇರು ಹೆಬ್ಬೆರಳಿಗಿಂತ ದಪ್ಪ ಇದ್ದರೆ ಮುಟ್ಟದೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಿ.

ಗುಂಡಿ ಒಂದಡಿ ಆಳ ಸಾಕು, ಅಗಲ ಒಂದೂವರೆ. ಎರಡು ಪಾಲು ಅಗೆದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಬೇರು ತಿನ್ನುವ ಗೊಣ್ಣೆಹುಳು ಖಚಿತ.

ನರ್ಸರಿ ಗಿಡ ಕೈಕೊಡುವುದು ಬಹುಪಾಲು ಬುಡದ ಮಣ್ಣಿನಿಂದ. ಕವರ್ ಬಿಚ್ಚಿದರೆ ಜಿಗುಟು ಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಅದನ್ನು ಹಾಗೆಯೇ ಇಟ್ಟರೆ ಹಾಕಿದ ನೀರೆಲ್ಲ ಸುತ್ತಲಿನ ಸಡಿಲ ಮಣ್ಣಿಗೆ ಇಳಿದು, ಉಂಡೆಯ ಒಳಗೆ ಬೇರು ಒಣಗಿಯೇ ಇರುತ್ತದೆ. ಮೇಲೆ ನೋಡಿದರೆ ಒದ್ದೆ, ಗಿಡ ಮಾತ್ರ ಬಾಡಿರುತ್ತದೆ. ಅದಕ್ಕೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಒಂದಿಂಚು ಮಣ್ಣು ಬೆರಳಿನಿಂದ ಉದುರಿಸಿ, ಸುತ್ತಿಕೊಂಡ ಬೇರನ್ನು ಮೂರು ಕಡೆ ಉದ್ದಕ್ಕೆ ಸೀಳಿ ನೆಡುತ್ತೇನೆ. ಜೂನ್, ಜುಲೈ ಒಳ್ಳೆಯ ಕಾಲ.

ನೆರಳಲ್ಲೂ ಎರಡು ಬಗೆ. ಗೋಡೆಯ ಪಕ್ಕ ತೇವ ಆರುವುದೇ ಇಲ್ಲ; ಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಪೀಸ್ ಲಿಲಿ, ಜರೀಗಿಡ ಅಲ್ಲಿ ಸೊಗಸಾಗಿ ಬರುತ್ತವೆ, ಬೇಸಿಗೆಯ ಬಿಸಿಲು ತಾಗದ ಮೂಲೆ ನೋಡಿ ಇಡಬೇಕು ಅಷ್ಟೆ. ಮರದಡಿ ಸಣ್ಣ ಮಳೆ ನೆಲಕ್ಕೇ ತಲುಪುವುದಿಲ್ಲ, ಬಿದ್ದದ್ದನ್ನೂ ಮಾವಿನ ಬೇರು ಹೀರುತ್ತದೆ. ಅಲ್ಲಿ ರೇಪಿಸ್ ಪಾಮ್, ಸ್ನೇಕ್ ಪ್ಲಾಂಟ್ ತಾಳುತ್ತವೆ; ಅಗ್ಲೋನಿಮಾಕ್ಕೆ ನೀವೇ ನೀರು ಕೊಡಬೇಕು.

ದೇವರಿಗೆ ಹೂ ಬೇಕೆನ್ನುವವರಿಗೆ ಕನಕಾಂಬರ, ನಂದಿಬಟ್ಟಲು. ಎರಡು ಮೂರು ಗಂಟೆ ಬಿಸಿಲಿದ್ದರೆ ಹೂ ಬಿಡುತ್ತವೆ, ಬಿಸಿಲಿನಲ್ಲಿ ಬಿಟ್ಟಷ್ಟು ಇಲ್ಲ. ಪೂರ್ತಿ ನೆರಳಿನಲ್ಲಿ ಹೂವಿನ ಆಸೆ ಬಿಡಿ. ಡಿಫನ್‌ಬೇಕಿಯಾ ನೋಡಲು ಚಂದ, ಆದರೆ ಅದರ ರಸ ಬಾಯಿಗೆ ತಾಗಿದರೆ ಉರಿದು ಊದಿಕೊಳ್ಳುತ್ತದೆ. ಮಕ್ಕಳು, ನಾಯಿ ಇರುವ ಮನೆಗೆ ಬೇಡ.

ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕಲೆಯಲು ಒಂದೆರಡು ಮಿ.ಲೀ. ಸೋಪಿನ ದ್ರವ. ಸಂಜೆ ಹೊತ್ತು, ಎಲೆಯಡಿಗೆ, ವಾರಕ್ಕೊಮ್ಮೆಯಂತೆ ಮೂರು ಸಲ. ತಿಗಣೆಯ ಸಿಹಿ ಅಂಟಿಗೆ ಇರುವೆ ಬರುತ್ತದೆ; ಸಾಲು ಕಂಡರೆ ಅದು ಹೋಗುವ ಗೆಣ್ಣನ್ನೇ ನೋಡಿ.

ಮಾವು ಹೂ ಬಿಟ್ಟಾಗ ಇನ್ನೊಂದು ಕಾಟ. ಮಾವಿನ ಹೂವಿನ ರಸ ಹೀರುವ ಜಿಗಿಹುಳು ಉದುರಿಸುವ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ಇದು ಗಿಡದ ರೋಗ ಅಲ್ಲ, ಔಷಧಿ ಬೇಡ. ಆದರೆ ಸಿಗುವ ಅಷ್ಟಿಷ್ಟು ಬೆಳಕನ್ನೂ ತಡೆಯುವುದರಿಂದ, ಹೂ ಉದುರುವವರೆಗೂ ವಾರಕ್ಕೊಮ್ಮೆ ಪೈಪಿನಲ್ಲಿ ಎಲೆ ತೊಳೆಯಬೇಕು.