ಟ್ಯಾಬ್ ಕೊಳ್ಳುವ ಮುಂಚೆ ಎಷ್ಟು ಬೀಗ ಇದೆ ಅಂತ ಅಂಗಡಿಯಲ್ಲೇ ನೋಡಿ

ದಾವಣಗೆರೆಗೆ ಟ್ಯಾಬ್ ಕೊಳ್ಳಲು ಹೊರಟರೆ ಜೇಬಿನಲ್ಲಿ ಟೈಪ್-ಸಿ ಪೆನ್‌ಡ್ರೈವ್ ಒಂದು ಇರಲಿ. ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಒಂದು ಕನ್ನಡ ಪಿಡಿಎಫ್, ಎಫ್-ಡ್ರಾಯ್ಡ್‌ನ (ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿ) ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಹಾಕಿಕೊಳ್ಳಿ. ರ‍್ಯಾಮ್, ಕ್ಯಾಮೆರಾ ವಿವರ ಡಬ್ಬಿಯ ಮೇಲೇ ಇರುತ್ತದೆ. ಟ್ಯಾಬ್ ನಿಮ್ಮ ಮಾತು ಎಷ್ಟು ಕೇಳುತ್ತದೆ ಅನ್ನುವುದನ್ನು ಮೂರು ಪರೀಕ್ಷೆ ಮಾಡಿ ನೀವೇ ನೋಡಬೇಕು.

ಮೊದಲು, ಪೆನ್‌ಡ್ರೈವ್‌ನಿಂದ ಪಿಡಿಎಫ್ ನಕಲು ಮಾಡುವುದು ಆಂಡ್ರಾಯ್ಡ್‌ನಲ್ಲಿ ಸಲೀಸು. ಐಪ್ಯಾಡ್‌ನಲ್ಲೂ 2019ರಿಂದ ಫೈಲ್ಸ್ ಆ್ಯಪ್ ಪೆನ್‌ಡ್ರೈವ್ ಓದುತ್ತದೆ. ಆದರೆ ಮೆಮೊರಿ ಕಾರ್ಡಿನ ಕಿಂಡಿ ಯಾವ ಐಪ್ಯಾಡಿಗೂ ಇಲ್ಲ.

ಈಗ ಎಪಿಕೆ ಒತ್ತಿ. ಆಂಡ್ರಾಯ್ಡ್ ಮೊದಲು ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಫೈಲ್ ಮ್ಯಾನೇಜರ್‌ಗೆ ‘ಅಪರಿಚಿತ ಆ್ಯಪ್’ ಅನುಮತಿ ಕೊಟ್ಟರೆ ಇಳಿಯುತ್ತದೆ. ಇಳಿದ ಕೂಡಲೇ ಅನುಮತಿ ತೆಗೆದುಬಿಡಿ, ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಳ್ಳ ಎಪಿಕೆಗೂ ಅದೇ ದಾರಿಯಾದೀತು. ಐಪ್ಯಾಡ್‌ನಲ್ಲಿ ನಮ್ಮ ದೇಶದ ಸಾಮಾನ್ಯ ಬಳಕೆದಾರರಿಗೆ ಆ್ಯಪ್ ಸ್ಟೋರ್ ಒಂದೇ ಬಾಗಿಲು. ಮೊಳಕಾಲ್ಮುರು ಕಡೆ ನೆಟ್‌ವರ್ಕ್ ಸಿಗದ ಊರಿಗೆ ಒಯ್ಯುವುದಾದರೆ ಈ ವ್ಯತ್ಯಾಸ ದೊಡ್ಡದು.

ಮೂರನೆಯದು ಬೂಟ್‌ಲೋಡರ್, ಅಂದರೆ ಟ್ಯಾಬ್ ಆನ್ ಆದಾಗ ಅದರ ಮೂಲ ಸಾಫ್ಟ್‌ವೇರ್ ಶುರು ಮಾಡುವ ಭಾಗ. ಕಂಪನಿ ಇದಕ್ಕೆ ಬೀಗ ಹಾಕಿರುತ್ತದೆ. ‘ಅಬೌಟ್’ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅಲ್ಲಿ ಆ ಬೀಗ ತೆಗೆಯಲು ಬಿಡುವ ‘ಓಇಎಂ ಅನ್‌ಲಾಕಿಂಗ್’ ಇದೆಯೇ ನೋಡಿ. ಇದ್ದರೆ, ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೂ ಲಿನೇಜ್‌ಓಎಸ್ (ಸ್ವಯಂಸೇವಕರು ಕಟ್ಟುವ ಉಚಿತ ಆಂಡ್ರಾಯ್ಡ್) ಹಾಕಿ ಟ್ಯಾಬ್ ಉಳಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು. ಅದರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ನಂಬರ್ ಅಕ್ಷರಶಃ ಇರಬೇಕು. ಒಂದೇ ಹೆಸರಿನ ವೈಫೈ ಟ್ಯಾಬ್, ಸಿಮ್ ಟ್ಯಾಬ್ ಎರಡೂ ಬೇರೆ ಬೇರೆ. ಬೀಗ ತೆಗೆದರೆ ಒಳಗಿನ ಡೇಟಾ ಪೂರ್ತಿ ಅಳಿಯುತ್ತದೆ, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಮುನಿಸಿಕೊಳ್ಳಬಹುದು. ಸ್ಯಾಮ್‌ಸಂಗ್‌ನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿದರೆ ಅದರ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ಫ್ಯೂಸ್ ಸುಟ್ಟುಹೋಗುತ್ತದೆ. ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಅದು ಸರಿಹೋಗದು. ಇಷ್ಟೆಲ್ಲ ಕೈಯಾಡಿಸುವ ಮನಸ್ಸಿಲ್ಲದ, ಓದಿಗೆ, ಚಿತ್ರ ಬಿಡಿಸಲಿಕ್ಕೆ ಟ್ಯಾಬ್ ಬೇಕಾದವರಿಗೆ ಐಪ್ಯಾಡೇ ನೆಮ್ಮದಿ. ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನಷ್ಟು ಹುಷಾರು. ಟ್ಯೂಷನ್ ಕೋರ್ಸ್ ಜೊತೆ ಕೊಟ್ಟ ಟ್ಯಾಬ್‌ಗಳಲ್ಲಿ ಸಂಸ್ಥೆಯ ಬೀಗ ಇದ್ದರೆ, ರೀಸೆಟ್ ಮಾಡಿದರೂ ಮತ್ತೆ ಮೂಡಬಹುದು. ಮಾರುವವರ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ಅವರ ಕೈಯಲ್ಲೇ ತೆಗೆಸಿ, ರೀಸೆಟ್ ಮಾಡಿಸಿ. ವೈಫೈಗೆ ಜೋಡಿಸಿ, ನಿಮ್ಮ ಖಾತೆಯಿಂದ ಹೋಮ್ ಸ್ಕ್ರೀನ್ ತನಕ ಹೋಗಿ. ‘ಈ ಸಾಧನ ನಿಮ್ಮ ಸಂಸ್ಥೆಗೆ ಸೇರಿದೆ’ ಎಂಬ ಸಾಲು ಕಂಡರೆ ಅಲ್ಲೇ ವಾಪಸ್ ಕೊಡಿ. ದುಡ್ಡು ಎಣಿಸುವುದು ಇದೆಲ್ಲ ಆದ ಮೇಲೆ.