ತಂತಿ ಕಡಿದರೂ ಯಂತ್ರ ನಿಲ್ಲಬೇಕು: ಮೋಷನ್ ಕಂಟ್ರೋಲರ್ ಬೋರ್ಡಿನ ಇನ್‌ಪುಟ್, ಔಟ್‌ಪುಟ್ ಹೊಂದಿಸುವ ಬಗೆ

ಸಿಎನ್‌ಸಿ ರೂಟರ್ (ಕಂಪ್ಯೂಟರ್ ಆದೇಶದಂತೆ ಕೊರೆದು ಕೆತ್ತುವ ಯಂತ್ರ) ಕಟ್ಟುವವರನ್ನು ಮೋಟಾರು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಚಲನೆಯ ತುದಿ ಬಂತೆಂದು ತಿಳಿಸುವ ಲಿಮಿಟ್ ಸ್ವಿಚ್, ಟೂಲ್ ತಟ್ಟಿತೆಂದು ತಿಳಿಸುವ ಪ್ರೋಬ್, ಸಣ್ಣ ಸಿಗ್ನಲ್‌ನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ರಿಲೇಗಳು. ಮೋಟಾರುಗಳ ಚಲನೆ ನಿಯಂತ್ರಿಸುವ ಮೋಷನ್ ಕಂಟ್ರೋಲರ್ ಬೋರ್ಡಿನ ಪ್ರತಿ ಪಿನ್‌ಗೂ ಇರುವುದು ಆನ್, ಆಫ್ ಎಂಬ ಎರಡೇ ಸ್ಥಿತಿ, ನಿಜ. ಆದರೆ ಸ್ವಿಚ್‌ನಲ್ಲಿ ಒಮ್ಮೆ, ಆಪ್ಟೋಕಪ್ಲರ್‌ನಲ್ಲಿ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಒಮ್ಮೆ, ಸಾಫ್ಟ್‌ವೇರ್‌ನಲ್ಲಿ ಇನ್ನೊಮ್ಮೆ ಆ ಸ್ಥಿತಿ ತಲೆಕೆಳಗಾಗಬಹುದು. ಅದಕ್ಕೇ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ.

1. ಪಟ್ಟಿ ಬರೆಯಿರಿ

ಪ್ರತಿ ಸಿಗ್ನಲ್‌ಗೆ ಒಂದು ಸಾಲು: ಹೆಸರು, ಟರ್ಮಿನಲ್ ಸಂಖ್ಯೆ, ಎನ್‌ಸಿಯೋ (ನಾರ್ಮಲಿ ಕ್ಲೋಸ್ಡ್, ಒತ್ತದಿರುವಾಗ ಕೂಡಿರುವುದು) ಎನ್‌ಒಯೋ (ನಾರ್ಮಲಿ ಓಪನ್, ಒತ್ತಿದಾಗ ಕೂಡುವುದು), ವೋಲ್ಟೇಜ್ ಎಷ್ಟು. ಕೊನೆಯ ಕಾಲಂನಲ್ಲಿ ‘ತಂತಿ ಕಿತ್ತುಬಂದರೆ ಏನಾಗುತ್ತದೆ?’ ಎಂಬುದಕ್ಕೆ ಉತ್ತರ. ಲಿಮಿಟ್ ಸ್ವಿಚ್‌ಗೆ ಸರಿಯಾದ ಉತ್ತರ ಒಂದೇ: ಯಂತ್ರ ನಿಲ್ಲಬೇಕು. ಹಾಗಾಗಿ ಲಿಮಿಟ್‌ಗಳು ಎನ್‌ಸಿ ಆಗಿರಲಿ, ಅಂದರೆ ಒತ್ತದಿರುವಾಗ ಕರೆಂಟ್ ಹರಿಯುತ್ತಿರಲಿ. ಎನ್‌ಒ ಹಾಕಿದ ಸ್ವಿಚ್‌ನ ತಂತಿ ಕಡಿದಿದ್ದು ಗೊತ್ತಾಗುವುದು ಗ್ಯಾಂಟ್ರಿ (ಟೂಲ್ ಹೊತ್ತು ಚಲಿಸುವ ಅಡ್ಡ ಚೌಕಟ್ಟು) ತುದಿಗೆ ಡಿಕ್ಕಿ ಹೊಡೆದ ನಂತರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಟೂಲ್ ತಟ್ಟಿದಾಗ ಸರ್ಕ್ಯೂಟ್ ಕೂಡುವ ಸಾದಾ ಪ್ರೋಬ್ ಮಾತ್ರ ಎನ್‌ಒ ಆಗಿಯೇ ಇರಬೇಕಾಗುತ್ತದೆ. ಅದನ್ನು ಪ್ರತಿ ಬಾರಿ ಬಳಸುವ ಮುನ್ನ ಕೈಯಿಂದ ತಟ್ಟಿ ನೋಡುವುದೇ ದಾರಿ.

ಎಮರ್ಜೆನ್ಸಿ ಸ್ಟಾಪ್ ಈ ಪಟ್ಟಿಯ ಸಾಮಾನ್ಯ ಇನ್‌ಪುಟ್ ಅಲ್ಲ. ಅದರ ಒಂದು ಕಾಂಟ್ಯಾಕ್ಟ್ ಸೇಫ್ಟಿ ರಿಲೇ ಅಥವಾ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಮೂಲಕ ಮೋಟಾರು ನಡೆಸುವ ಡ್ರೈವ್‌ಗಳ ಶಕ್ತಿಯನ್ನೇ ಕತ್ತರಿಸಬೇಕು. ಇನ್ನೊಂದು ಕಾಂಟ್ಯಾಕ್ಟ್ ಬೋರ್ಡಿಗೆ ಸುದ್ದಿ ಮುಟ್ಟಿಸಿದರೆ ಸಾಕು. ಸಾಫ್ಟ್‌ವೇರ್ ನಿಂತುಹೋದಾಗಲೂ ಗುಂಡಿ ಕೆಲಸ ಮಾಡಬೇಕಲ್ಲವೇ?

2. ಸೆನ್ಸರ್‌ಗೆ ತಂತಿ

ಮೂರು ತಂತಿಯ ಡಿಸಿ ಪ್ರಾಕ್ಸಿಮಿಟಿ ಸೆನ್ಸರ್‌ನಲ್ಲಿ (ಮುಟ್ಟದೆಯೇ ಹತ್ತಿರದ ವಸ್ತುವನ್ನು ಗುರುತಿಸುವುದು) ಕಂದು ಪ್ಲಸ್, ನೀಲಿ ಸೊನ್ನೆ ವೋಲ್ಟ್, ಕಪ್ಪು ಸಿಗ್ನಲ್. ಎನ್‌ಪಿಎನ್ ಸೆನ್ಸರ್ ಆನ್ ಆದಾಗ ಕಪ್ಪು ತಂತಿಯನ್ನು ಸೊನ್ನೆಗೆ ಎಳೆಯುತ್ತದೆ. ಪಿಎನ್‌ಪಿ ಅದರ ಮೇಲೆ 24 ವೋಲ್ಟ್ ಕೊಡುತ್ತದೆ. ಬೋರ್ಡಿನಲ್ಲಿ ಇನ್‌ಪುಟ್‌ಗಳ ‘ಕಾಮ್’ (ಕಾಮನ್) ಟರ್ಮಿನಲ್ ಇದ್ದರೆ ಎನ್‌ಪಿಎನ್‌ಗೆ ಅದನ್ನು ಪ್ಲಸ್ 24ಕ್ಕೂ, ಪಿಎನ್‌ಪಿಗೆ ಸೊನ್ನೆಗೂ ಸೇರಿಸಿ. ಕೆಲವು ಬೋರ್ಡುಗಳು ಎರಡರಲ್ಲಿ ಒಂದು ಬಗೆಯನ್ನಷ್ಟೇ ಒಪ್ಪುತ್ತವೆ. ಕೊಳ್ಳುವ ಮೊದಲೇ ಮ್ಯಾನ್ಯುಯಲ್ ನೋಡಿ. 24 ವೋಲ್ಟಿನ ಪಿಎನ್‌ಪಿಯನ್ನು ನೇರವಾಗಿ 5 ವೋಲ್ಟಿನ ಪಿನ್‌ಗೆ ಕೊಟ್ಟರೆ ಪಿನ್ ಸುಟ್ಟಿತೆಂದೇ ಲೆಕ್ಕ.

ಆಪ್ಟೋಕಪ್ಲರ್ ನೀವೇ ಹಾಕುವುದಾದರೆ 24 ವೋಲ್ಟಿಗೆ 4.7 ಕಿಲೋಓಮ್ ರೆಸಿಸ್ಟರ್ ಇಡಿ. ಸುಮಾರು 5 ಮಿಲಿಆಂಪ್ ಹರಿಯುತ್ತದೆ, ಕಾಲು ವ್ಯಾಟ್‌ನದ್ದು ಸಾಕು. 2.2 ಕಿಲೋಓಮ್ ಆದರೆ 10 ಮಿಲಿಆಂಪ್ ದಾಟುತ್ತದೆ, ಕಾಲು ವ್ಯಾಟ್‌ನದ್ದು ಬಿಸಿಯೇರುತ್ತದೆ, ಅರ್ಧ ವ್ಯಾಟ್ ಬೇಕು. ಆಪ್ಟೋ ಇಲ್ಲದೆ ಮೈಕ್ರೋಕಂಟ್ರೋಲರ್‌ನ ಒಳಗಿನ ಪುಲ್‌ಅಪ್ (ಪಿನ್ ಅನ್ನು ಪ್ಲಸ್ ಕಡೆಗೆ ಎಳೆದಿಡುವ ರೆಸಿಸ್ಟರ್) ಒಂದನ್ನೇ ನಂಬಿದರೆ ಟೂಲ್ ತಿರುಗಿಸುವ ಸ್ಪಿಂಡಲ್ ಓಡಿದಾಗಲೆಲ್ಲ ಸುಳ್ಳು ಅಲಾರಂ ಬರಬಹುದು, ಏಕೆಂದರೆ ಆ ಪುಲ್‌ಅಪ್ ಹತ್ತಾರು ಕಿಲೋಓಮ್‌ನದ್ದು, ಬಲು ದುರ್ಬಲ. ಸೆನ್ಸರ್ ಕೇಬಲ್ ಶೀಲ್ಡ್ ಇರುವಂಥದ್ದಾಗಲಿ, ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಅರ್ಥ್ ಮಾಡಿ. ವಿಎಫ್‌ಡಿ (ಸ್ಪಿಂಡಲ್ ವೇಗ ನಿಯಂತ್ರಿಸುವ ಸಾಧನ) ಮತ್ತು ಮೋಟಾರು ಕೇಬಲ್‌ಗಳ ಜೊತೆ ಕಟ್ಟಬೇಡಿ.

3. ಸಾಫ್ಟ್‌ವೇರ್‌ಗೆ ತಿಳಿಸಿ

ಬೋರ್ಡಿನೊಳಗೆ ಓಡುವ ಜಿಆರ್‌ಬಿಎಲ್ 1.1 ಸಾಫ್ಟ್‌ವೇರ್‌ನಲ್ಲಿ ಪಿನ್ ಸೊನ್ನೆಗೆ ಇಳಿದರೆ ಲಿಮಿಟ್ ಒತ್ತಿದೆ ಎಂದರ್ಥ. ಎನ್‌ಸಿ ಸ್ವಿಚ್‌ನಲ್ಲಿ ಒತ್ತದಿರುವಾಗಲೇ ಪಿನ್ ಸೊನ್ನೆಯಲ್ಲಿ ಇರುವುದರಿಂದ $5=1 ಎಂಬ ಸೆಟ್ಟಿಂಗ್ ಕೊಟ್ಟು ತಿರುಗಿಸಬೇಕು. $6 ಪ್ರೋಬ್‌ಗೆ. $21=1 ಹಾರ್ಡ್ ಲಿಮಿಟ್ (ಸ್ವಿಚ್ ಒತ್ತಿದ ಕೂಡಲೇ ನಿಲ್ಲುವುದು), $22=1 ಹೋಮಿಂಗ್ (ಸ್ವಿಚ್ ಹುಡುಕಿ ಆರಂಭದ ಸ್ಥಾನ ಗುರುತಿಸುವುದು); ಇವೆರಡನ್ನು ಪರೀಕ್ಷೆ ಮುಗಿಯುವವರೆಗೆ 0ಯಲ್ಲೇ ಬಿಡಿ. ಕಂಪ್ಯೂಟರ್‌ನಲ್ಲಿ ಓಡುವ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಇನ್‌ಪುಟ್‌ಗೆ ‘ನಾಟ್’ ಎಂದು ಕೊನೆಯಾಗುವ ಜೊತೆ ಪಿನ್ ಇರುತ್ತದೆ, ತಿರುಗಿಸಬೇಕಿದ್ದರೆ ಅದನ್ನು ಜೋಡಿಸಿ.

ಮೆಕ್ಯಾನಿಕಲ್ ಕಾಂಟ್ಯಾಕ್ಟ್ ಒತ್ತಿದ ಕೂಡಲೇ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಅದಕ್ಕೆ ಡಿಬೌನ್ಸ್ (ಸಿಗ್ನಲ್ ಸ್ಥಿರವಾಗುವವರೆಗೆ ಕಾಯುವುದು) ಬೇಕು, ಆದರೆ ಧಾರಾಳವಾಗಿ ಅಲ್ಲ. ನಿಮಿಷಕ್ಕೆ 3000 ಮಿ.ಮೀ. ವೇಗವೆಂದರೆ ಸೆಕೆಂಡಿಗೆ 50 ಮಿ.ಮೀ.; 20 ಮಿಲಿಸೆಕೆಂಡ್ ಕಾದರೆ ಆಗಲೇ 1 ಮಿ.ಮೀ. ಮುಂದೆ ಹೋಗಿರುತ್ತದೆ. ಅಲಾರಂ ನಿಲ್ಲಲಿಲ್ಲವೆಂದು ಡಿಬೌನ್ಸ್ ಏರಿಸುತ್ತ ಹೋಗುವುದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ. ಕೇಬಲ್ ಸರಿಮಾಡಿ.

4. ಔಟ್‌ಪುಟ್‌ಗಳು

ಮೈಕ್ರೋಕಂಟ್ರೋಲರ್ ಪಿನ್ ರಿಲೇ ಕಾಯಿಲ್ ಎತ್ತಲಾರದು. ನಡುವೆ ಟ್ರಾನ್ಸಿಸ್ಟರ್ ಅಥವಾ ಹಲವು ಟ್ರಾನ್ಸಿಸ್ಟರ್‌ಗಳ ಯುಎಲ್‌ಎನ್2803 ಚಿಪ್ ಇರಬೇಕು. ಕಾಯಿಲ್ ಆಫ್ ಆದಾಗಿನ ವೋಲ್ಟೇಜ್ ಏರಿಕೆ ತಡೆಯುವ ಡಯೋಡ್‌ಗಳು ಈ ಚಿಪ್‌ನೊಳಗೇ ಇವೆ, ಆದರೆ ‘ಕಾಮ್’ ಪಿನ್ ಕಾಯಿಲ್‌ನ ಪ್ಲಸ್‌ಗೆ ಸೇರದಿದ್ದರೆ ಅವು ಇದ್ದೂ ಇಲ್ಲದಂತೆ. ಬಿಡಿ ಟ್ರಾನ್ಸಿಸ್ಟರ್‌ಗಾದರೆ 1ಎನ್4007 ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ ಬರುವಂತೆ ಹಾಕಿ. ಎಸಿ ಕಾಯಿಲ್‌ಗೆ ಡಯೋಡ್ ಸಲ್ಲದು, ಆರ್‌ಸಿ ಸ್ನಬರ್ (ಸರಣಿಯಲ್ಲಿ ರೆಸಿಸ್ಟರ್, ಕೆಪಾಸಿಟರ್) ಹಾಕಿ.

ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಪಿನ್‌ಗಳು ತೇಲುತ್ತಿರುತ್ತವೆ, ಅಂದರೆ ಆನ್ ಅಥವಾ ಆಫ್ ಎಂದು ನಿಶ್ಚಿತವಾಗಿರುವುದಿಲ್ಲ. ಆಗ ಸ್ಪಿಂಡಲ್ ರಿಲೇ ಟಕ್ ಎಂದರೆ ಡ್ರೈವರ್‌ನ ಇನ್‌ಪುಟ್‌ಗೆ 10 ಕಿಲೋಓಮ್ ಪುಲ್‌ಡೌನ್ (ಸೊನ್ನೆಗೆ ಎಳೆದಿಡುವ ರೆಸಿಸ್ಟರ್) ಸೇರಿಸಿ.

ಲಿನಕ್ಸ್‌ಸಿಎನ್‌ಸಿಯಲ್ಲಿ ಪ್ರೋಗ್ರಾಂನಲ್ಲಿ ಬರೆಯುವ ಎಂ64 ಆದೇಶ ಔಟ್‌ಪುಟ್ ಅನ್ನು ತಕ್ಷಣ ಆನ್ ಮಾಡುತ್ತದೆ. ಎಂ62 ಮುಂದಿನ ಚಲನೆ ಶುರುವಾಗುವಾಗ. ಎಂ62 ಆದ ಮೇಲೆ ಚಲನೆಯೇ ಇಲ್ಲದಿದ್ದರೆ ಔಟ್‌ಪುಟ್ ಬದಲಾಗುವುದೇ ಇಲ್ಲ. ಎಂ66 ಇನ್‌ಪುಟ್‌ಗಾಗಿ ಕಾಯುತ್ತದೆ, ಕೊಟ್ಟ ಸಮಯ ಮೀರಿದರೆ #5399 ಎಂಬ ವೇರಿಯಬಲ್‌ನಲ್ಲಿ -1 ಇಟ್ಟು ಸುಮ್ಮನೆ ಮುಂದುವರಿಯುತ್ತದೆ. ಕ್ಲ್ಯಾಂಪ್ ಹಿಡಿದಿದೆಯೇ ಎಂದು ನೋಡಲು ಇದನ್ನು ಬಳಸುವವರು ಆ ಬೆಲೆಯನ್ನು ಪರೀಕ್ಷಿಸುವ ಸಾಲು ಬರೆಯಲೇಬೇಕು.

5. ಮೋಟಾರು ಶಕ್ತಿ ತೆಗೆದು ಪರೀಕ್ಷೆ

ಡ್ರೈವ್‌ಗಳ ಪವರ್ ಆಫ್, 24 ವೋಲ್ಟ್ ಮತ್ತು ಬೋರ್ಡ್ ಮಾತ್ರ ಆನ್. ಒಂದೊಂದೇ ಸ್ವಿಚ್ ಒತ್ತಿ ‘?’ ಕಳುಹಿಸಿದರೆ ಜಿಆರ್‌ಬಿಎಲ್ ಯಾವ ಪಿನ್ ಎಚ್ಚೆತ್ತಿದೆ ಎಂದು ಹೇಳುತ್ತದೆ. ಎಕ್ಸ್ ಒತ್ತಿದಾಗ ವೈ ತೋರಿದರೆ ತಂತಿ ಅದಲುಬದಲು. ಯಾವುದನ್ನೂ ಒತ್ತದೆ ಎಲ್ಲವೂ ತೋರಿದರೆ $5 ತಪ್ಪು, ಇಲ್ಲವೇ 24 ವೋಲ್ಟ್ ಬಂದಿಲ್ಲ. ಬೋರ್ಡಿನ ಎಲ್‌ಇಡಿ ಬದಲಾಗಿಯೂ ತೆರೆ ಬದಲಾಗದಿದ್ದರೆ ದೋಷ ಸಾಫ್ಟ್‌ವೇರ್ ಕಡೆಯದು. ಎಲ್‌ಇಡಿಯೇ ಬದಲಾಗದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ.

ಬಳಿಕ ಪ್ರತಿ ಲಿಮಿಟ್ ತಂತಿಯನ್ನು ಟರ್ಮಿನಲ್‌ನಿಂದ ಬಿಚ್ಚಿ, ಒತ್ತಿದಂತೆಯೇ ತೋರುತ್ತದೆಯೇ ನೋಡಿ. ಅದಾದ ಮೇಲಷ್ಟೇ $21, $22 ಆನ್ ಮಾಡಿ, ಡ್ರೈವ್‌ಗಳಿಗೆ ಪವರ್ ಕೊಟ್ಟು, ಮೊದಲ ಹೋಮಿಂಗ್ ಅನ್ನು ನಿಧಾನ ವೇಗದಲ್ಲಿ, ಎಮರ್ಜೆನ್ಸಿ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ಓಡಿಸಿ.