ತೇರಿನ ಕಳಸ ಹತ್ತಿರ ಕಾಣಬೇಕಾ? ವಿಡಿಯೊ ಕ್ಯಾಮೆರಾ ಹೀಗೆ ಆರಿಸಿ

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಗೊತ್ತು, ತೇರು ಎಳೆಯುವ ಹೊತ್ತಿಗೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ದೂರ ನಿಂತೇ ವಿಡಿಯೊ ಮಾಡಬೇಕು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆ ಹೊಸ ಕ್ಯಾಮೆರಾ ಹಿಡಿದು ನಿಂತಿದ್ದೆ. ಡಬ್ಬಿಯ ಮೇಲೆ ಜೂಮ್ ನೂರಾರು ಎಕ್ಸ್ ಅಂತ ದೊಡ್ಡದಾಗಿ ಬರೆದಿತ್ತು. ಮನೆಗೆ ಬಂದು ಟಿವಿಗೆ ಹಾಕಿದರೆ ಕಳಸವೂ ಇಲ್ಲ, ಹೂವಿನ ಹಾರವೂ ಇಲ್ಲ, ಬರೀ ಬಣ್ಣದ ಚೌಕಗಳು. ಮಂಡಿನೋವಿನಿಂದ ಜಾತ್ರೆಗೆ ಬರಲಾಗದ ಅವ್ವನಿಗೆ ತೋರಿಸಬೇಕು ಅಂತಲೇ ಅದನ್ನು ತೆಗೆದಿದ್ದೆ. ತುಂಬಾ ಬೇಜಾರಾಯಿತು. ನಿಮಗೆ ಹಾಗಾಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಡಬ್ಬಿಯ ಮೇಲೆ 'ಆಪ್ಟಿಕಲ್ ಜೂಮ್' ಅನ್ನುವ ಸಂಖ್ಯೆ ಹುಡುಕಿ. ಲೆನ್ಸಿನೊಳಗಿನ ಗಾಜುಗಳು ಸರಿದು ದೂರದ್ದನ್ನು ಹತ್ತಿರ ತರುವುದು ಇದು. ಸೋನಿ ಸಿಎಕ್ಸ್405ರಲ್ಲಿ ಇದು 30 ಎಕ್ಸ್, ಪ್ಯಾನಸೋನಿಕ್ ವಿ180ರಲ್ಲಿ 50 ಎಕ್ಸ್. ಡಿಜಿಟಲ್ ಜೂಮ್ ಬೇರೆ. ಅದು ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಫುಲ್ ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. ಅದನ್ನು ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು ಬರೀ 5 ಲಕ್ಷ. ನೂರು ಪಟ್ಟು ಹಿಗ್ಗಿಸಿದರೆ ಏನು ಉಳಿಯುತ್ತದೆ ನೀವೇ ಹೇಳಿ. ಆದರೆ 4ಕೆ ಕ್ಯಾಮೆರಾದಲ್ಲಿ ಚುಕ್ಕಿಗಳೇ ನಾಲ್ಕು ಪಟ್ಟು ಜಾಸ್ತಿ. ಅದರಲ್ಲಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಎರಡು ಪಟ್ಟು ಕತ್ತರಿಸಿದರೂ ಫುಲ್ ಎಚ್‌ಡಿ ಹಾಗೇ ಉಳಿಯುತ್ತದೆ. ಹಾಗಾಗಿ 20 ಎಕ್ಸ್ ಇರುವ 4ಕೆ ಕ್ಯಾಮೆರಾ ಸಿಕ್ಕರೆ ಕಡಿಮೆ ಅಂತ ತಳ್ಳಿಹಾಕಬೇಡಿ.

ಎಕ್ಸ್ ಅಂದರೆ ಎಷ್ಟು ದೂರ ಕಾಣುತ್ತದೆ ಅಂತಲ್ಲ. ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಅನ್ನುವುದನ್ನು ಮಿಲಿಮೀಟರಿನಲ್ಲಿ (ಫೋಕಲ್ ಲೆಂತ್) ಹೇಳುತ್ತಾರೆ. ಅದರ ಅತಿ ಉದ್ದದ ಮಿಲಿಮೀಟರನ್ನು ಅತಿ ಗಿಡ್ಡದ್ದರಿಂದ ಭಾಗಿಸಿದರೆ ಬರುವ ಲೆಕ್ಕ ಅದು. 24ರಿಂದ 240 ಕೂಡ 10 ಎಕ್ಸ್, 50ರಿಂದ 500 ಕೂಡ 10 ಎಕ್ಸ್. ದೂರ ಕಾಣುವುದು ಎರಡನೆಯದರಲ್ಲಿ. ಅದಕ್ಕೇ ಅಂಗಡಿಯವರನ್ನು '35 ಎಂಎಂ ಲೆಕ್ಕದಲ್ಲಿ ಕೊನೆಯ ಎಂಎಂ ಎಷ್ಟು?' ಅಂತ ಕೇಳಿ. ಬೇರೆ ಬೇರೆ ಕ್ಯಾಮೆರಾಗಳನ್ನು ಒಂದೇ ಅಳತೆಯಲ್ಲಿ ಹೋಲಿಸುವ ಲೆಕ್ಕ ಅದು. ಮೈದಾನದ ಕ್ರಿಕೆಟ್‌ಗೆ, ತೇರಿಗೆ 600 ಇದ್ದರೆ ಚೆನ್ನಾಗಿ ನಡೆಯುತ್ತದೆ. ಕೆರೆಯ ಹಕ್ಕಿಗಳಿಗೆ ಇನ್ನೂ ಜಾಸ್ತಿ ಬೇಕು.

ಇನ್ನು ಬೆಳಕು. ತೇರು ಎಳೆಯುವುದು ಸಂಜೆ, ದರೋಜಿಯ ಕರಡಿಗಳು ಗುಡ್ಡದಿಂದ ಇಳಿಯುವುದೂ ಹೊತ್ತು ಇಳಿದ ಮೇಲೆ. ಜೂಮ್ ಮಾಡಿದಷ್ಟೂ ಸಾಮಾನ್ಯವಾಗಿ ಲೆನ್ಸ್ ಬೆಳಕನ್ನು ಕಡಿಮೆ ಒಳಬಿಡುತ್ತದೆ. ಎಷ್ಟು ಬೆಳಕು ಒಳಬರುತ್ತದೆ ಅಂತ ಹೇಳುವ ಸಂಖ್ಯೆ (ಎಫ್ ಸಂಖ್ಯೆ) ಲೆನ್ಸಿನ ಮೇಲೆ 1.8-4 ಅಂತ ಬರೆದಿದ್ದರೆ, ಪೂರ್ತಿ ಜೂಮ್‌ನಲ್ಲಿ ಬರುವ ಬೆಳಕು ಶುರುವಿನ ಐದರಲ್ಲಿ ಒಂದು ಪಾಲು ಮಾತ್ರ. ಎರಡನೇ ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಪ್ಯಾನಸೋನಿಕ್ ಎಫ್‌ಜೆಡ್300 ಅನ್ನುವ ಫೋಟೊ ಕ್ಯಾಮೆರಾದಲ್ಲಿ 25ರಿಂದ 600 ಎಂಎಂವರೆಗೂ ಅದು 2.8 ಆಗಿಯೇ ಇರುತ್ತದೆ. ಹಳೆಯ ಮಾಡೆಲ್, ಆದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ನಾನಂತೂ ಬಿಡುವುದಿಲ್ಲ. ಒಂದು ಮಾತು: ಇಂಥ ಫೋಟೊ ಕ್ಯಾಮೆರಾಗಳಲ್ಲಿ ಹಲವು ಅರ್ಧ ಗಂಟೆಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಇಡೀ ನಾಟಕ, ಇಡೀ ಮದುವೆ ತೆಗೆಯುವವರು ಇದನ್ನು ಕೇಳಿಯೇ ಕೊಳ್ಳಿ.

ಕೈಯಲ್ಲಿರುವ ದುಡ್ಡನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬೇಡಿ. ಜೂಮ್ ಮಾಡಿದರೆ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಗಟ್ಟಿ ಟ್ರೈಪಾಡ್‌ಗೆ ದುಡ್ಡು ಎತ್ತಿಡಿ. ಟ್ರೈಪಾಡ್ ಇಡಲು ಜಾಗವಿಲ್ಲದ ಕಡೆ ನಾನು ಸಣ್ಣ ಬಟ್ಟೆಚೀಲಕ್ಕೆ ಎರಡು ಕಿಲೋ ಜೋಳ ತುಂಬಿ, ಅದನ್ನು ಬಂಡೆಯ ಮೇಲೋ ಕಟ್ಟೆಯ ಮೇಲೋ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಅಲುಗುವುದಿಲ್ಲ. ಮೈಕ್ ಹಾಕುವ ತೂತು ಇದೆಯಾ ಅಂತಲೂ ನೋಡಿಕೊಳ್ಳಿ. ಜೂಮ್ ಮಾಡಿದರೆ ಚಿತ್ರ ಹತ್ತಿರ ಬರುತ್ತದೆ, ದೂರದ ಡೊಳ್ಳಿನ ಸದ್ದು ಬರುವುದಿಲ್ಲ ಅಲ್ವಾ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಬಳ್ಳಾರಿಯ ಅಂಗಡಿಯಾದರೆ ಬಾಗಿಲ ಹೊರಗೆ ಬಂದು, ಗುಡ್ಡ ಕಾಣುವ ಕಡೆ ನಿಂತು ಮೇಲಿನ ಕೋಟೆಗೋಡೆಗೆ ಪೂರ್ತಿ ಜೂಮ್ ಮಾಡಿ ಒಂದು ನಿಮಿಷ ರೆಕಾರ್ಡ್ ಮಾಡಿ. ಫೋಕಸ್ ಪದೇ ಪದೇ ಹೋಗಿ ಬಂದು ಮಾಡುತ್ತದಾ? ಜೂಮ್ ಮೋಟಾರಿನ ಗುರ್ರ್ ಸದ್ದು ವಿಡಿಯೊದಲ್ಲಿ ಕೇಳುತ್ತದಾ? ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಅದನ್ನು ನಂಬಬೇಡಿ. ಮನೆಗೆ ಬಂದು ಟಿವಿಯಲ್ಲಿ ನೋಡಿ, ಕಲ್ಲುಗಳ ನಡುವಿನ ಗೆರೆ ಬಿಡಿಬಿಡಿಯಾಗಿ ಕಂಡರೆ ಮರುದಿನ ಹೋಗಿ ದುಡ್ಡು ಕೊಡಿ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆಯ ದೂಳು ಒಳಗೆ ಹೋಗಿದ್ದರೆ ಜೂಮ್ ಮಾಡುವಾಗ ಕರಕರ ಅನ್ನುತ್ತದೆ.

ಈ ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನ ಮಾತ್ರ ಮಾಡಬೇಡಿ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ನೆಲದ ಮೇಲಿನ ಗಾಳಿ ಕಾದು ಅಲೆಯಾಡುತ್ತದೆ. ಆಗ ಎಷ್ಟು ದುಬಾರಿ ಲೆನ್ಸ್ ಇದ್ದರೂ ದೂರದ ಗೋಡೆ ನೀರಿನೊಳಗೆ ಇದ್ದಂತೆ ಕುಣಿಯುತ್ತದೆ, ಒಳ್ಳೆಯ ಕ್ಯಾಮೆರಾವನ್ನೇ ಕೆಟ್ಟದ್ದು ಅಂತ ಬಿಟ್ಟು ಬರುತ್ತೀರಿ. ಅಂಗಡಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲು ಏರುವ ಮೊದಲು ನೋಡಿ ಮುಗಿಸಿ.